ಕ್ಯಾಪ್ ಹಾಕುತ್ತಿದ್ದೆ, ಆದರೂ ಕಿವಿಗೆ ಕ್ಯಾನ್ಸರ್ ಬಂತು

ಪ್ರಶ್ನೆ (ಅಥ್ಲೆಟಿಕ್ಸ್ ಕೋಚ್, ವಯಸ್ಸು 51):
ನಮಸ್ಕಾರ ಡಾಕ್ಟರ್ ಮೇಡಂ. 24 ವರ್ಷದಿಂದ ಮೈದಾನವೇ ನನ್ನ ಮನೆ. ಹೋದ ವರ್ಷ ಬಲಗಿವಿಯ ಮೇಲಿನ ಅಂಚಿನಲ್ಲಿ ಸಣ್ಣ ಹಕ್ಕಳೆ ಕಟ್ಟಿತು. ಮುಖ ಒರೆಸುವಾಗ ಟವೆಲ್‌ಗೆ ಸಿಕ್ಕಿ ಕಿತ್ತು ಬರುತ್ತಿತ್ತು. ಒಂದು ಚುಕ್ಕೆ ರಕ್ತ, ನಾಲ್ಕು ದಿನಕ್ಕೆ ಮತ್ತೆ ಹಕ್ಕಳೆ. ಕ್ಯಾಪ್ ಉಜ್ಜಿ ಹೀಗಾಗಿದೆ ಅಂದುಕೊಂಡು ಎಂಟು ತಿಂಗಳು ಸುಮ್ನಿದ್ದೆ. ಕೊನೆಗೆ ನನ್ನ ಹೆಂಡತಿ ಬೈದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಚೂರು ತೆಗೆದು ಪರೀಕ್ಷೆಗೆ ಕಳಿಸಿದ ಬಯಾಪ್ಸಿಯಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಅಂತ ಬಂದಿದೆ. ಮುಂದಿನ ವಾರ ಆಪರೇಷನ್. ದಿನಾ ಕ್ಯಾಪ್ ಹಾಕುತ್ತಿದ್ದೆನಲ್ಲ, ಹೀಗೇಕಾಯಿತು? ಮತ್ತೆ ಮೈದಾನಕ್ಕೆ ಇಳಿಯಬಹುದಾ?

ಉತ್ತರ (ಚರ್ಮರೋಗ ತಜ್ಞೆ):
ಸರ್, ಮೊದಲು ಧೈರ್ಯ ತಂದುಕೊಳ್ಳಿ. ಇದು ಚರ್ಮದ ಮೇಲ್ಪದರದಲ್ಲಿ ಹುಟ್ಟುವ ಕ್ಯಾನ್ಸರ್. ಚಿಕ್ಕದಿರುವಾಗಲೇ ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆದರೆ ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುತ್ತದೆ. ಆದರೆ ಕಿವಿ ಮತ್ತು ತುಟಿಯಲ್ಲಿ ಬಂದದ್ದು ಬೇರೆ ಕಡೆಯದಕ್ಕಿಂತ ಹರಡುವ ಸಾಧ್ಯತೆ ಜಾಸ್ತಿ. ನಿಮ್ಮ ಸರ್ಜನ್ ಕುತ್ತಿಗೆಯಲ್ಲಿ ಗಂಟು ಇದೆಯಾ ಅಂತ ಮುಟ್ಟಿ ನೋಡುವುದು ಅದಕ್ಕೇ. ಆಪರೇಷನ್ ಆದಮೇಲೆ "ಅಂಚು ಕ್ಲಿಯರ್ ಬಂತಾ?" ಅಂತ, ಅಂದರೆ ತೆಗೆದ ಚೂರಿನ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ ತಾನೇ ಅಂತ, ನೀವೇ ಕೇಳಿ. ಮೊದಲ ಎರಡು ವರ್ಷ ಒಂದು ತಪಾಸಣೆಯನ್ನೂ ತಪ್ಪಿಸಬೇಡಿ. ಮರುಕಳಿಸುವುದಿದ್ದರೆ ಹೆಚ್ಚಾಗಿ ಆ ಸಮಯದಲ್ಲೇ.

ಹೀಗೇಕಾಯಿತು ಅಂದಿರಿ. ಇವತ್ತೇ ಕ್ಯಾಪ್ ಹಾಕಿಕೊಂಡು ಮಧ್ಯಾಹ್ನ ಕನ್ನಡಿ ಮುಂದೆ ನಿಲ್ಲಿ. ನೆರಳು ಬಿದ್ದಿರುವುದು ಹಣೆ, ಕಣ್ಣಿನ ಮೇಲೆ ಅಷ್ಟೇ. ಕಿವಿ, ಕತ್ತಿನ ಹಿಂಭಾಗ, ಕೆನ್ನೆಯ ಕೆಳಗೆಲ್ಲ ಬಿಸಿಲೇ. ಅತಿನೇರಳೆ ಕಿರಣ ಚರ್ಮದ ಜೀವಕೋಶದ ಡಿಎನ್‌ಎ ಕೆಡಿಸುತ್ತದೆ. ದೇಹ ರಿಪೇರಿ ಮಾಡುತ್ತಲೇ ಇರುತ್ತದೆ, ಆದರೂ ಕೆಲವು ತಪ್ಪುಗಳು ಉಳಿದುಬಿಡುತ್ತವೆ. 24 ವರ್ಷದಲ್ಲಿ ಅವೆಲ್ಲ ಒಟ್ಟು ಸೇರಿವೆ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಕಿವಿಯ ಬಗ್ಗೆ ಯಾರೂ ನಿಮಗೆ ಹೇಳಿರಲಿಲ್ಲ, ಅಲ್ವಾ?

ಗಾಯ ಮಾಗಿದ ಮೇಲೆ, ನಿಮ್ಮ ಸರ್ಜನ್ ಒಪ್ಪಿದರೆ, ಖಂಡಿತ ಮೈದಾನಕ್ಕೆ ಹೋಗಿ. ಆದರೆ ಹಳೆಯ ಥರ ಅಲ್ಲ. ಕ್ಯಾಪ್ ಬಿಟ್ಟು ಸುತ್ತಲೂ ಏಳೆಂಟು ಸೆಂಟಿಮೀಟರ್ ಅಂಚಿರುವ ಟೋಪಿ ಹಾಕಿ. ಉದ್ದ ತೋಳಿನ, ಒತ್ತಾಗಿ ನೇಯ್ದ ಕಾಲರ್ ಶರ್ಟ್ ಇರಲಿ. ಕ್ರೀಮಿಗಿಂತ ನಾನು ಬಟ್ಟೆಯನ್ನೇ ಹೆಚ್ಚು ನಂಬುತ್ತೇನೆ. ಬೆವರಿಗೆ ಅದು ತೊಳೆದು ಹೋಗುವುದಿಲ್ಲ. ಬಟ್ಟೆ ಮುಚ್ಚದ ಕಡೆ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಅಥವಾ 50ರ, ಅತಿನೇರಳೆ ಕಿರಣದ ಎರಡು ಬಗೆಗಳಾದ ಯುವಿಎ ಮತ್ತು ಯುವಿಬಿ ಎರಡನ್ನೂ ತಡೆಯುವ ಸನ್‌ಸ್ಕ್ರೀನ್ ಹಚ್ಚಿ. 30 ಸುಮಾರು 97% ಯುವಿಬಿ ತಡೆದರೆ 50 ಸುಮಾರು 98% ತಡೆಯುತ್ತದೆ. ಅಂದರೆ ನಂಬರ್‌ಗಿಂತ ಎಷ್ಟು ಹಚ್ಚುತ್ತೀರಿ ಅನ್ನುವುದೇ ಮುಖ್ಯ. ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಹಿಂಡಿ. ಮುಖ, ಕತ್ತಿಗೆ ಅಷ್ಟು ಬೇಕು. ಕಿವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೇಲಿಂದ ಕೆಳಗೆ ಜಾರಿಸಿ ಹಚ್ಚಿ, ಹಿಂದೆಯೂ ಸೇರಿಸಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆವರು ಒರೆಸಿಕೊಂಡರೆ ಇನ್ನೂ ಬೇಗ.

ತಂಪು ಗಾಳಿ, ಮೋಡ ನೋಡಿ ಮೋಸಹೋಗಬೇಡಿ. ಮೈಗೆ ಬಿಸಿ ತಟ್ಟಿಸುವುದು ಶಾಖ, ಡಿಎನ್‌ಎ ಕೆಡಿಸುವುದು ಅತಿನೇರಳೆ ಕಿರಣ. ತೆಳು ಮೋಡ ಅದನ್ನು ಅಷ್ಟಾಗಿ ತಡೆಯುವುದಿಲ್ಲ.

ಪ್ರಶ್ನೆ (ಫುಟ್‌ಬಾಲ್ ಕೋಚ್):
ಮೇಡಂ, ನಾನು ಕಪ್ಪು. ಕಪ್ಪು ಚರ್ಮದವರಿಗೆ ಇದೆಲ್ಲ ಬರುವುದಿಲ್ಲ ಅಂತಾರಲ್ಲ?

ಉತ್ತರ:
ಕಡಿಮೆ, ಆದರೆ ಬಂದೇ ಬರುವುದಿಲ್ಲ ಅಂತಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಒಳ್ಳೆಯ ಕಾವಲುಗಾರ, ಆದರೂ ಬಿಸಿಲನ್ನು ಪೂರ್ತಿ ತಡೆಯಲಾರದು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಕಪ್ಪು ಚರ್ಮದವರಲ್ಲಿ ಮೆಲನೋಮ ಅನ್ನುವ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸುವುದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಇದಕ್ಕೆ ಬಿಸಿಲು ಮುಖ್ಯ ಕಾರಣವಲ್ಲ, ಕ್ರೀಮ್ ಹಚ್ಚಿ ತಡೆಯಲೂ ಆಗುವುದಿಲ್ಲ. ಆಗಾಗ ಕಣ್ಣಿಟ್ಟು ನೋಡುವುದೊಂದೇ ದಾರಿ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳ ಉಗುರಿನ ಕೆಳಗೆ ಮೆಲನೋಮ ಪತ್ತೆಯಾಯಿತು. ಮೊದಲು ಅದನ್ನು ಫುಟ್‌ಬಾಲ್ ಪೆಟ್ಟು ಅಂದುಕೊಂಡಿದ್ದರು. 1981ರಲ್ಲಿ, ಬರೀ 36ನೇ ವಯಸ್ಸಿಗೆ, ಅವರು ತೀರಿಕೊಂಡರು.

ನಿಮ್ಮ ಹುಡುಗರ ಉಗುರು ಪೆಟ್ಟು ಬಿದ್ದು ಕಪ್ಪಾಗುವುದು ಮಾಮೂಲು. ಆ ಕಪ್ಪು ಉಗುರಿನ ಜೊತೆಗೇ ನಿಧಾನವಾಗಿ ಮುಂದೆ ಸರಿದು ಹೋಗಬೇಕು. ಕಾಲುಗುರಿಗೆ ತಿಂಗಳುಗಟ್ಟಲೆ ಬೇಕು. ಸರಿಯದೆ ಅಲ್ಲೇ ನಿಂತರೆ, ಉಗುರಲ್ಲಿ ಕಪ್ಪು ಪಟ್ಟಿ ಮೂಡಿ ಅಗಲವಾಗುತ್ತಾ ಬಂದರೆ, ಬುಡದ ಚರ್ಮಕ್ಕೂ ಕಪ್ಪು ಹತ್ತಿದರೆ ತಕ್ಷಣ ತೋರಿಸಿ. ನಾಲ್ಕು ವಾರವಾದರೂ ಮಾಗದ ಗಾಯಕ್ಕೂ ಇದೇ ಮಾತು.

ಪ್ರಶ್ನೆ (ಮೊದಲಿನ ಕೋಚ್):
ಥ್ಯಾಂಕ್ಸ್ ಮೇಡಂ. ನನ್ನ ಹತ್ತಿರ 40 ಮಕ್ಕಳು ಬರುತ್ತಾರೆ. ಅವರಿಗೆ ಏನು ಮಾಡಲಿ?

ಉತ್ತರ:
ಮೊದಲು ಟೈಮ್ ಬದಲಾಯಿಸಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಗುವಷ್ಟರಲ್ಲಿ ಪ್ರಾಕ್ಟೀಸ್ ಮುಗಿದಿರಲಿ. ಆಗದಿದ್ದರೆ ಓಟಕ್ಕೆ ಮಾತ್ರ ಬಿಸಿಲಿಗೆ ಕಳಿಸಿ. ಪಾಠ ಹೇಳುವುದು, ಸ್ಟ್ರೆಚಿಂಗ್, ನೀರು ಕುಡಿಯುವುದು ಎಲ್ಲ ಮರದಡಿ ಆಗಲಿ. ನೀವೂ ಅವರ ಜೊತೆ ನೆರಳಿಗೇ ಬನ್ನಿ ಸರ್, ಟ್ರ್ಯಾಕ್ ಅಂಚಿನಲ್ಲಿ ನಿಲ್ಲಬೇಡಿ.