ಸಹಾಯ ಬೇಕು: ಅಂಗಡಿ ರೇಟು, ಆನ್‌ಲೈನ್ ರೇಟು ಹೇಗೆ ಹೊಂದಿಸುವುದು?

ನಮಸ್ಕಾರ. ಶಿರಸಿಯಲ್ಲಿ ಮನೆಯಲ್ಲೇ ಕಾಟನ್ ಕುರ್ತಿ ಹೊಲಿಸಿ ಮಾರುತ್ತೇನೆ. ಬಟ್ಟೆ, ಹೊಲಿಗೆ, ಗುಂಡಿ ಎಲ್ಲ ಸೇರಿ ಒಂದಕ್ಕೆ 290 ರೂಪಾಯಿ ಬೀಳುತ್ತದೆ. ಕುಮಟಾ, ಕಾರವಾರದ ಅಂಗಡಿಗಳಿಗೆ 380ಕ್ಕೆ ಹೋಲ್‌ಸೇಲ್ ಕೊಡುತ್ತೇನೆ. ಅವರು 600ಕ್ಕೆ ಮಾರುತ್ತಾರೆ. ನಾನು ಇನ್‌ಸ್ಟಾಗ್ರಾಂನಲ್ಲಿ 499 ಹಾಕಿದ್ದೆ.

ಮೊನ್ನೆ ಕಾರವಾರದ ಒಂದು ಅಂಗಡಿಯಲ್ಲಿ ಗಿರಾಕಿಯೊಬ್ಬರು ಮೊಬೈಲ್ ತೆಗೆದು ಅದೇ ನೀಲಿ ಕುರ್ತಿ ತೋರಿಸಿದರಂತೆ. ಅಂಗಡಿಯವರು ಬೇಜಾರಾಗಿ 20 ಪೀಸ್ ವಾಪಸ್ ಕಳಿಸಿದರು. ಮಡಿಕೆ ಕೂಡ ಬಿಚ್ಚಿರಲಿಲ್ಲ. ಅವರದ್ದು ತಪ್ಪಲ್ಲ, ಬಾಡಿಗೆ, ಕರೆಂಟ್ ಬಿಲ್ ಅವರಿಗೂ ಇದೆ ಅಲ್ವಾ?

ಆನ್‌ಲೈನ್‌ನಲ್ಲೂ 600 ಇಟ್ಟು ಕೊರಿಯರ್ ಫ್ರೀ ಕೊಡಲಾ? 70 ರೂಪಾಯಿ ಕೈಯಿಂದ ಹೋದರೂ ಹೋಲ್‌ಸೇಲ್‌ಗಿಂತ ಜಾಸ್ತಿ ಉಳಿಯುತ್ತದೆ. ಆದರೆ ಗಿರಾಕಿ ಬರುತ್ತಾರಾ? ಇಲ್ಲ, ಆನ್‌ಲೈನ್‌ಗೇ ಬೇರೆ ಡಿಸೈನ್ ಮಾಡಲಾ? ಎರಡೂ ಕಡೆ ಮಾರುವವರು ದಯವಿಟ್ಟು ಹೇಳಿ. ದೀಪಾವಳಿ ಆರ್ಡರ್ ತೆಗೆದುಕೊಳ್ಳುವ ಮುಂಚೆ ತೀರ್ಮಾನ ಮಾಡಬೇಕು.