ಹುದ್ದೆಯೇ ಇಲ್ಲದ ಎಲೆನ್ ವೈಟ್ ಅವರ ಮಾತು ಅಡ್ವೆಂಟಿಸ್ಟ್ ಸಭೆಯಲ್ಲಿ ನಡೆದದ್ದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನೀವು ಸಭಾ ಚರಿತ್ರೆ ಪಾಠ ಮಾಡುವವರು ಅಂತ ಗೊತ್ತಾಗಿ ಕೇಳುತ್ತಿದ್ದೇನೆ. ನಮ್ಮದು ಸಿಎಸ್‌ಐ ಸಭೆ. ನಾದಿನಿಯನ್ನು ಕೊಟ್ಟಿರುವ ಮನೆಯವರು ಸೆವೆಂತ್ ಡೇ ಅಡ್ವೆಂಟಿಸ್ಟರು. ಶನಿವಾರ ಆರಾಧನೆ, ಹಂದಿ ಮಾಂಸ ಇಲ್ಲ, ಕಾಫಿಯೂ ಇಲ್ಲ. ಯಾಕೆ ಅಂದರೆ ಆ ಸಭೆಯ ಸ್ಥಾಪಕರಲ್ಲಿ ಒಬ್ಬರಾದ ಎಲೆನ್ ವೈಟ್ ಹಾಗೆ ಬರೆದಿದ್ದಾರೆ ಅಂತಾರೆ. ಅವರು ಆ ಸಭೆಯ ಅಧ್ಯಕ್ಷರಾಗಿದ್ದರಾ? ಎಲ್ಲವನ್ನೂ ಅವರೊಬ್ಬರೇ ತೀರ್ಮಾನ ಮಾಡಿದರಾ?

ಉತ್ತರ: ನಮಸ್ಕಾರ ಮೇಡಂ. ಅಧ್ಯಕ್ಷರಾಗಿರಲಿಲ್ಲ. ಜನರಲ್ ಕಾನ್ಫರೆನ್ಸ್, ಅಂದರೆ ಆ ಸಭೆಯ ಕೇಂದ್ರ ಆಡಳಿತ, ಶುರುವಾದದ್ದು 1863ರ ಮೇ ತಿಂಗಳಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ. ಆಗ ಸದಸ್ಯರು ಸುಮಾರು 3,500 ಅಷ್ಟೇ. ಅಧ್ಯಕ್ಷ ಸ್ಥಾನಕ್ಕೆ ಮೊದಲು ಆರಿಸಿದ್ದು ಎಲೆನ್ ಅವರ ಗಂಡ ಜೇಮ್ಸ್ ವೈಟ್ ಅವರನ್ನು. ಅವರು ಬೇಡ ಅಂದರು. ಜಾನ್ ಬೈಯಿಂಗ್ಟನ್ ಮೊದಲ ಅಧ್ಯಕ್ಷರಾದರು. ಜೇಮ್ಸ್ ಮುಂದೆ ಬೇರೆ ಬೇರೆ ಅವಧಿಗಳಲ್ಲಿ ಅಧ್ಯಕ್ಷರಾದರು. ಎಲೆನ್ ಮಾತ್ರ ಕೊನೆಯವರೆಗೂ ಅಂಥ ಹುದ್ದೆ ಹಿಡಿಯಲಿಲ್ಲ.

ಅವರ ಹಿನ್ನೆಲೆ ಹೇಳಿದರೆ ವಿಷಯ ಬಿಡಿಸಿಕೊಳ್ಳುತ್ತದೆ. ಹುಟ್ಟಿದ್ದು 1827ರಲ್ಲಿ, ಮೇಯ್ನ್ ರಾಜ್ಯದ ಗೋರಮ್‌ನಲ್ಲಿ. ಒಂಬತ್ತು ವರ್ಷದವರಿದ್ದಾಗ ಇನ್ನೊಬ್ಬ ಹುಡುಗಿ ಎಸೆದ ಕಲ್ಲು ಮುಖಕ್ಕೆ ಬಿತ್ತು. ಶಾಲೆ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು. ಮನೆಯವರು ಮೆಥಡಿಸ್ಟರು. ವಿಲಿಯಂ ಮಿಲ್ಲರ್ ಅವರ ಬೋಧನೆ ಕೇಳಿ ಕ್ರಿಸ್ತನ ಎರಡನೇ ಬರೋಣ ಹತ್ತಿರವಿದೆ ಎಂದು ನಂಬಿದರು. ಅದಕ್ಕಾಗಿ 1843ರಲ್ಲಿ ಮೆಥಡಿಸ್ಟ್ ಸಭೆ ಇಡೀ ಕುಟುಂಬವನ್ನು ಹೊರಗೆ ಹಾಕಿತು. 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತನು ಬರುತ್ತಾನೆ ಎಂದು ಕಾದಿದ್ದರು. ಬರಲಿಲ್ಲ. ಆ ನಿರಾಶೆಯಲ್ಲಿ ಎಷ್ಟೋ ಜನ ನಂಬಿಕೆಯನ್ನೇ ಬಿಟ್ಟರು. ಅದೇ ಡಿಸೆಂಬರ್‌ನಲ್ಲಿ, 17 ವರ್ಷದ ಈ ಹುಡುಗಿ ತನಗೆ ದರ್ಶನವಾಯಿತು ಎಂದರು. ಉಳಿದ ಸಣ್ಣ ಗುಂಪಿಗೆ ಅದು ಆಸರೆಯಾಯಿತು.

ಇನ್ನು ತೀರ್ಮಾನದ ವಿಷಯ. ಅವರಿಗೆ ದರ್ಶನವಾಗುತ್ತಿತ್ತು, ಉಳಿದವರು ಸುಮ್ನೆ ತಲೆಯಾಡಿಸುತ್ತಿದ್ದರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ದಾಖಲೆ ಹಾಗಿಲ್ಲ. ಶನಿವಾರವನ್ನೇ ನೋಡಿ. ಜೋಸೆಫ್ ಬೇಟ್ಸ್ ಅಂತ ನಿವೃತ್ತ ಹಡಗಿನ ಕ್ಯಾಪ್ಟನ್ ಇದ್ದರು. ಅವರು 1846ರಲ್ಲಿ ಸಬ್ಬತ್ತಿನ (ಏಳನೇ ದಿನವಾದ ಶನಿವಾರದ ವಿಶ್ರಾಂತಿ, ಆರಾಧನೆಯ) ಬಗ್ಗೆ ಬರೆದ ಕಿರುಹೊತ್ತಿಗೆ ಓದಿ, ಸತ್ಯವೇದದಲ್ಲಿ ಹುಡುಕಿ ವೈಟ್ ದಂಪತಿ ಒಪ್ಪಿದರು. ಆ ಬಗ್ಗೆ ಎಲೆನ್‌ಗೆ ದರ್ಶನವಾದದ್ದು ಆಮೇಲೆ, 1847ರಲ್ಲಿ.

ಸಬ್ಬತ್ತು ಎಷ್ಟು ಹೊತ್ತಿಗೆ ಶುರು ಅನ್ನೋದು ಇನ್ನೂ ಒಳ್ಳೆಯ ಉದಾಹರಣೆ. ಶುಕ್ರವಾರ ಸಂಜೆ 6 ಗಂಟೆಗೆ ಎಂದು ಬೇಟ್ಸ್ ಹೇಳುತ್ತಿದ್ದರು. ಸಮುದ್ರ ಸುತ್ತಿದವರಲ್ವಾ, ವರ್ಷವಿಡೀ ಸುಮಾರು ಆರಕ್ಕೇ ಸೂರ್ಯ ಮುಳುಗುವ ಭೂಮಧ್ಯರೇಖೆಯ ಲೆಕ್ಕ ಹಿಡಿದಿದ್ದರು. ವರ್ಷಗಟ್ಟಲೆ ಹಾಗೇ ನಡೆಯಿತು. 1855ರ ನವೆಂಬರ್‌ನಲ್ಲಿ ಜೆ.ಎನ್. ಆ್ಯಂಡ್ರೂಸ್ ಎಂಬ ಯುವಕ ವಚನಗಳನ್ನು ಮುಂದಿಟ್ಟು, ಸಬ್ಬತ್ತು ಶುರುವಾಗುವುದು ಸೂರ್ಯಾಸ್ತಕ್ಕೆ ಎಂದು ತೋರಿಸಿದರು. ಹೆಚ್ಚಿನವರು ಒಪ್ಪಿದರು. ಒಪ್ಪದೆ ಉಳಿದವರಲ್ಲಿ ಬೇಟ್ಸ್ ಒಬ್ಬರು, ಇನ್ನೊಬ್ಬರು ಸ್ವತಃ ಎಲೆನ್! ಕೆಲವು ದಿನಗಳಲ್ಲಿ ಸೂರ್ಯಾಸ್ತವೇ ಸರಿ ಎಂಬ ದರ್ಶನ ಅವರಿಗಾಯಿತು, ವಿಷಯ ಮುಗಿಯಿತು. ಮೊದಲು ಅಧ್ಯಯನ, ಆಮೇಲೆ ದರ್ಶನದ ಮುದ್ರೆ. ಆರಂಭದ ವರ್ಷಗಳಲ್ಲಿ ಅವರ ಪ್ರಭಾವ ಜಾಸ್ತಿ ಕೆಲಸ ಮಾಡಿದ್ದು ಹೀಗೆ.

ಇನ್ನೊಬ್ಬ ಸದಸ್ಯರು: ಆದರೆ ಹುದ್ದೆ ಇಲ್ಲದೆ, ಫೋನೂ ಇಲ್ಲದ ಕಾಲದಲ್ಲಿ ಅವರ ಮಾತು ಊರೂರಿಗೆ ಹೋಗಿದ್ದು ಹೇಗೆ ಸರ್?

ಉತ್ತರ: ಪ್ರೆಸ್ಸು ಮತ್ತು ಅಂಚೆ. ಸಣ್ಣ ಪತ್ರಿಕೆಯೊಂದನ್ನು ಅಚ್ಚು ಹಾಕಿಸಬೇಕು ಎಂಬ ದರ್ಶನದ ಮಾತನ್ನು ಅವರು ಗಂಡನಿಗೆ ಹೇಳಿದ್ದು 1848ರಲ್ಲಿ. ಮರುವರ್ಷ ಜೇಮ್ಸ್ ಕೈಯಲ್ಲಿ ದುಡ್ಡಿಲ್ಲದೆ, ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್‌ನಲ್ಲಿ ಸಾಲಕ್ಕೆ 1,000 ಪ್ರತಿ ಅಚ್ಚು ಹಾಕಿಸಿದರು. ಅಚ್ಚುಕೂಟಕ್ಕೆ ಮೈಲುಗಟ್ಟಲೆ ನಡೆದೇ ಹೋಗಿಬರುತ್ತಿದ್ದರು. ಎಲೆನ್ ಪ್ರಭಾವದ ಮಾತು ಬಂದಾಗ ಜೇಮ್ಸ್ ಅವರನ್ನು ಮರೆಯುವುದು ಅನ್ಯಾಯ ಅನ್ನುವುದು ನನ್ನ ಅಭಿಪ್ರಾಯ. ಪತ್ರಿಕೆ, ಸಂಘಟನೆ, ಹಣದ ವ್ಯವಸ್ಥೆ ಎಲ್ಲದರಲ್ಲೂ ಓಡಾಡಿದವರು ಅವರೇ.

ಆದರೆ ಅದೇ ಜೇಮ್ಸ್ 1851ರಿಂದ ಹೆಂಡತಿಯ ದರ್ಶನಗಳನ್ನು ಪತ್ರಿಕೆಯಲ್ಲಿ ಹಾಕುವುದನ್ನು ನಿಲ್ಲಿಸಿದರು. ಸತ್ಯವೇದ ಬಿಟ್ಟು ದರ್ಶನ ನಂಬುವವರು ಎಂಬ ಹೆಸರು ಬರಬಾರದು ಅನ್ನೋದು ಅವರ ಯೋಚನೆ. ನಾಲ್ಕು ವರ್ಷ ಎಲೆನ್ ಹೆಚ್ಚು ಪ್ರಕಟಿಸಲಿಲ್ಲ. ಆಗ ನಾನಾ ಜಗಳ, ಒಡಕು ಬಂದವು. ಸೂರ್ಯಾಸ್ತದ ಚರ್ಚೆಯಾದ ಅದೇ 1855ರ ಸಮ್ಮೇಳನದಲ್ಲಿ, ನಾವು ದರ್ಶನದ ಈ ವರವನ್ನು ಅಲಕ್ಷ್ಯ ಮಾಡಿದೆವು ಎಂದು ಹಿರಿಯರು ಒಪ್ಪಿಕೊಂಡರು. ಬೆನ್ನಿಗೇ ಎಲೆನ್ ಅವರ 16 ಪುಟದ ಮೊದಲ 'ಸಾಕ್ಷಿ' ಪುಸ್ತಿಕೆ, ಅಂದರೆ ಸಭೆಗೆ ಬರೆದ ಬುದ್ಧಿಮಾತು, ಅಚ್ಚಾಯಿತು. ಅಲ್ಲಿಂದ ಪತ್ರಗಳ ಹೊಳೆ. ಇಂಥ ಊರಿನ ಇಂಥ ಸಹೋದರನಿಗೆ ಜಿಪುಣತನ, ಇಂಥ ತಾಯಿ ಮಕ್ಕಳನ್ನು ಹೀಗೆ ಬೆಳೆಸಬಾರದು, ಹೀಗೆ ಮನೆಯೊಳಗಿನ ಮಾತೂ ಬರುತ್ತಿತ್ತು. ಓದಿದವರಿಗೆ ಎಷ್ಟು ಇರಿಸುಮುರಿಸಾಗಿರಬೇಕು ನೋಡಿ.

ಮೊದಲ ಸದಸ್ಯೆ: ಹಂದಿ ಮಾಂಸ, ಕಾಫಿ? ಅದಂತೂ ಅವರೇ ಹೇಳಿದ್ದಲ್ವಾ?

ಉತ್ತರ: ಮೊದಲು ಉಲ್ಟಾ ಹೇಳಿದ್ದರು. 1858ರಲ್ಲಿ ಒಂದು ದಂಪತಿ ಹಂದಿ ಮಾಂಸ ಬಿಡಬೇಕು ಎಂದು ಪಟ್ಟು ಹಿಡಿದರು. ಅದು ದೇವರ ಚಿತ್ತವಾದರೆ ಇಬ್ಬರು ಮೂವರಿಗಷ್ಟೇ ತಿಳಿಸುವುದಿಲ್ಲ, ಇಡೀ ಸಭೆಗೆ ತಿಳಿಸುತ್ತಾನೆ, ನೀವು ಒತ್ತಾಯ ಮಾಡಬೇಡಿ ಎಂದು ಎಲೆನ್ ಬರೆದರು. ಆಮೇಲೆ 1863ರ ಜೂನ್‌ನಲ್ಲಿ ಮಿಷಿಗನ್‌ನ ಒಟ್ಸೆಗೋದಲ್ಲಿ ಆರೋಗ್ಯದ ದರ್ಶನವಾಯಿತು. ಮಾಂಸ, ತಂಬಾಕು, ಟೀ, ಕಾಫಿ ಬಿಡಿ, ಔಷಧದ ಬದಲು ನೀರು, ಗಾಳಿ, ಬಿಸಿಲು ಬಳಸಿ ಅನ್ನುವ ಮಾತು ಅಲ್ಲಿಂದ ಗಟ್ಟಿಯಾಯಿತು. ಆ ಕಾಲದ ವೈದ್ಯರು ಪಾದರಸದ ಔಷಧ ಕೊಡುತ್ತಿದ್ದರು, ಅದನ್ನೂ ನೆನಪಿಡಿ.

ಇವು ಆಗಿನ ಬೇರೆ ಆರೋಗ್ಯ ಸುಧಾರಕರೂ ಹೇಳುತ್ತಿದ್ದ ಮಾತುಗಳೇ. ಬೇಟ್ಸ್ ಇವನ್ನೆಲ್ಲ ಎಷ್ಟೋ ಮೊದಲೇ ಬಿಟ್ಟಿದ್ದರು. ದರ್ಶನಕ್ಕೆ ಕೆಲವು ತಿಂಗಳ ಮುಂಚೆ ಎಲೆನ್ ಮಕ್ಕಳಿಗೆ ಗಂಟಲಮಾರಿ ಬಂದಾಗ ಡಾ. ಜಾಕ್ಸನ್ ಎಂಬವರ ನೀರಿನ ಚಿಕಿತ್ಸೆ ಮಾಡಿದ್ದರು. ಹಾಗಾಗಿ ದರ್ಶನವೋ ಎರವಲೋ ಎಂಬ ವಾದ ಇವತ್ತಿಗೂ ಇದೆ. ನಂಬುವವರು ಒಂದು ಹೇಳುತ್ತಾರೆ, ಇತಿಹಾಸಕಾರರು ಇನ್ನೊಂದು. ಆದರೆ ಉಳಿದ ಸುಧಾರಕರಿಗೆ ಇಲ್ಲದ್ದು ಇವರಿಗೆ ಇತ್ತು. ಹೇಳಿದ್ದನ್ನು ಧರ್ಮವೆಂದು ಪಾಲಿಸುವ ಸಭೆ. 1866ರಲ್ಲೇ ಬ್ಯಾಟಲ್ ಕ್ರೀಕ್‌ನಲ್ಲಿ ಆರೋಗ್ಯಧಾಮ ಎದ್ದಿತು.

ಇನ್ನೊಬ್ಬ ಸದಸ್ಯರು: ಅವರ ಮಾತು ಯಾರೂ ಮೀರಲೇ ಇಲ್ಲವಾ?

ಉತ್ತರ: ಬೇಕಾದಷ್ಟು ಸಲ ಮೀರಿದ್ದಾರೆ. ಹೆಂಗಸರಿಗೆ ನೆಲ ಗುಡಿಸದ ಮೋಟು ಲಂಗ, ಒಳಗೆ ಪ್ಯಾಂಟು ಇರುವ ಉಡುಪು ಒಳ್ಳೆಯದು ಎಂದು 1860ರ ದಶಕದಲ್ಲಿ ಹೇಳಿದರು. ಗೊಣಗಾಟ ಜೋರಾಗಿ, ಹತ್ತು ವರ್ಷದೊಳಗೆ ಅವರೇ ಕೈಬಿಟ್ಟರು. 1888ರ ಮಿನಿಯಾಪೊಲಿಸ್ ಸಮ್ಮೇಳನದಲ್ಲಿ ಹಿರಿಯರು ಅವರ ಮಾತಿಗೆ ಬಗ್ಗಲಿಲ್ಲ. 1891ರಲ್ಲಿ ಆಡಳಿತ ಮಂಡಳಿ ಅವರನ್ನು ಆಸ್ಟ್ರೇಲಿಯಾಕ್ಕೆ ಕಳಿಸಿತು, 1900ರವರೆಗೆ ಅಲ್ಲೇ ಇದ್ದರು. ಅಮೆರಿಕ ಬಿಡಿಸಿದ್ದು ದೇವರ ಯೋಜನೆಯಲ್ಲ ಎಂದು ಆಮೇಲೆ ಅವರೇ ಬರೆದರು.

ದೊಡ್ಡ ಪೆಟ್ಟು ಡಾ. ಜಾನ್ ಹಾರ್ವಿ ಕೆಲಾಗ್ ಅವರದು. ಕಾರ್ನ್‌ಫ್ಲೇಕ್ಸ್ ಕೆಲಾಗ್ ಮನೆತನದವರೇ. ವೈಟ್ ದಂಪತಿಯೇ ಬೆಂಬಲ ಕೊಟ್ಟು ಡಾಕ್ಟರ್ ಓದಿಸಿದ್ದ ಹುಡುಗ. 1902ರ ಫೆಬ್ರವರಿಯಲ್ಲಿ, ಅವರು ನಡೆಸುತ್ತಿದ್ದ ಬ್ಯಾಟಲ್ ಕ್ರೀಕ್ ಆರೋಗ್ಯಧಾಮ ಬೆಂಕಿಗೆ ಸುಟ್ಟುಹೋಯಿತು. ಒಂದೇ ಕಡೆ ದೊಡ್ಡದು ಕಟ್ಟಬೇಡ, ಸಣ್ಣ ಸಣ್ಣದು ಬೇರೆ ಬೇರೆ ಊರಲ್ಲಿ ಕಟ್ಟು ಎಂಬುದು ಎಲೆನ್ ಸಲಹೆ. ಕೆಲಾಗ್ ಮೊದಲಿಗಿಂತ ಭರ್ಜರಿಯಾಗಿ ಕಟ್ಟಿಸಿದರು. ಜಗಳ ಬೆಳೆದು 1907ರಲ್ಲಿ ಅವರ ಸದಸ್ಯತ್ವವೇ ಹೋಯಿತು. ಆರೋಗ್ಯಧಾಮವೂ ಸಭೆಯ ಕೈತಪ್ಪಿತು.