ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು: ಕೋಣಂದೂರು ಕಡೆಯಿಂದ ಬಂದ ಪ್ರಶ್ನೆ

ಪ್ರಶ್ನೆ (ಶಿಕ್ಷಕಿ, ಕೋಣಂದೂರು ಕಡೆ):

ನಮಸ್ಕಾರ ಸರ್. ನಾನು ತೀರ್ಥಹಳ್ಳಿಯಲ್ಲಿ ಟೀಚರ್. ಮನೆಯಿಂದ ಶಾಲೆಗೆ ಹೋಗಿ ಬರೋದು ದಿನಕ್ಕೆ 44 ಕಿ.ಮೀ. ಇಷ್ಟು ವರ್ಷ ಬಸ್ಸಲ್ಲೇ ಓಡಾಡಿದೆ. ಈಗ ಶಿವಮೊಗ್ಗದ ಡೀಲರ್ ಒಬ್ಬರ ಹತ್ರ ಒಂದು ಟಾಟಾ ನೆಕ್ಸಾನ್ ಇವಿ ಇದೆ. 2021ರ ಮಾರ್ಚ್‌ನಲ್ಲಿ ರಿಜಿಸ್ಟರ್ ಆದದ್ದು, 30.2 ಯುನಿಟ್ ಬ್ಯಾಟರಿ, ಬೆಂಗಳೂರು ಗಾಡಿ, ಒಬ್ಬರೇ ಮಾಲೀಕರು, 62,000 ಕಿ.ಮೀ. ಓಡಿದೆ. ಏಳೂಮುಕ್ಕಾಲು ಲಕ್ಷ ಹೇಳ್ತಿದ್ದಾರೆ. ತಿಂಗಳಿಗೊಮ್ಮೆ ಅತ್ತೆಯವರನ್ನ ಮಣಿಪಾಲಕ್ಕೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕು, ಆಗುಂಬೆ ಘಾಟಿ ಮೇಲೆ. ನಮ್ಮ ಭಾವ, "ಬ್ಯಾಟರಿ ಹೋದ್ರೆ ಗಾಡಿನೇ ಹೋದಂಗೆ, ಅಡಿಕೆ ದುಡ್ಡನ್ನ ನೀರಿಗೆ ಹಾಕ್ಬೇಡಿ" ಅಂತಾರೆ. ತಗೋಬಹುದಾ? ಏನೇನು ನೋಡ್ಬೇಕು?

ಉತ್ತರ (ಎಲೆಕ್ಟ್ರಿಕ್ ವಾಹನ ಮೆಕ್ಯಾನಿಕ್, ಶಿವಮೊಗ್ಗ):

ನಮಸ್ಕಾರ ಮೇಡಂ. ನಿಮ್ಮ ಭಾವನವರ ಹೆದರಿಕೆ ಸುಳ್ಳಲ್ಲ. ಬ್ಯಾಟರಿ ಪೂರ್ತಿ ಬದಲಿಸೋದು ಲಕ್ಷಗಳ ಮಾತು. ಆದರೆ ಈ ಗಾಡಿಯಲ್ಲಿರೋದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಅದು ಒಂದು ದಿನ ಬೆಳಗ್ಗೆ ಇದ್ದಕ್ಕಿದ್ದಂತೆ ಸಾಯೋ ಜಾತಿಯದ್ದಲ್ಲ, ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಸವೆಯುತ್ತೆ. ಕಂಪನಿ ಬ್ಯಾಟರಿಗೂ ಮೋಟಾರಿಗೂ ಕೊಟ್ಟಿರೋ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ನಿಮ್ಮ ಗಾಡಿಗೆ 2029ರ ಮಾರ್ಚ್‌ವರೆಗೆ, ಇನ್ನೂ 98,000 ಕಿ.ಮೀ. ಉಳಿದಿದೆ. ನಿಮ್ಮ ಓಡಾಟಕ್ಕೆ ಕಿಲೋಮೀಟರ್ ಮುಗಿಯೋ ಮೊದಲು ತಾರೀಖು ಮುಗಿಯುತ್ತೆ. ಹಾಗಾಗಿ ನೀವು ದುಡ್ಡು ಕೊಡ್ತಿರೋದು ಉಳಿದ ತಿಂಗಳುಗಳಿಗೆ ಅಂತ ಲೆಕ್ಕ ಹಾಕಿ ಚೌಕಾಸಿ ಮಾಡಿ. ಸರ್ವಿಸ್ ತಪ್ಪಿಸಿದ್ರೆ ವಾರಂಟಿಗೆ ತಕರಾರು ಬರುತ್ತೆ. ಚಾಸಿ ನಂಬರ್ ತಗೊಂಡು ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗಿ ಹಳೇ ಸರ್ವಿಸ್ ದಾಖಲೆ ಕೇಳಿ. ನಿಮ್ಮ ಹೆಸರಿಗೆ ವಾರಂಟಿ ಮುಂದುವರಿಯುತ್ತೆ ಅನ್ನೋದನ್ನ ಅಲ್ಲಿಂದ ಬರಹದಲ್ಲೇ ತಗೊಳ್ಳಿ. ಡೀಲರ್ ಬಾಯಿಮಾತು ಬೇಡ.

ನನಗೆ ಸವೆತಕ್ಕಿಂತ ಹೆಚ್ಚು ಭಯ ಇರೋದು ಎರಡರ ಮೇಲೆ: ಗಾಡಿ ಹೊಟ್ಟೆಗೆ ಬಿದ್ದ ಪೆಟ್ಟು, ಮತ್ತೆ ನೀರು. ಎರಡಕ್ಕೂ ವಾರಂಟಿ ಬರಲ್ಲ.

ಕಳೆದ ಮಳೆಗಾಲದ ಮುಂಚೆ ಒಬ್ಬರು ಗಾಡಿ ತಂದಿದ್ರು, ಇದೇ ರೀತಿ ಕೊಳ್ಳೋ ಮುಂಚೆ ತೋರಿಸೋಕೆ. ಮೇಲೆ ನೋಡಿದ್ರೆ ಒಂದು ಗೀರಿಲ್ಲ. ಲಿಫ್ಟ್ ಮೇಲೆ ಎತ್ತಿ ಟಾರ್ಚ್ ಹಾಕಿದೆ. ಬ್ಯಾಟರಿ ಪೆಟ್ಟಿಗೆಯ ಮುಂದಿನ ಎಡ ಮೂಲೆಯಲ್ಲಿ ಮಾತ್ರ ಕಪ್ಪು ಕೋಟಿಂಗ್ ಹೊಸದಾಗಿ ಮಿಂಚ್ತಿತ್ತು, ಉಳಿದ ಕಡೆ ಧೂಳು ಹಿಡಿದು ಬೂದಿ ಬಣ್ಣ. ಉಗುರಲ್ಲಿ ಕೆರೆದೆ. ಪದರ ಎದ್ದು ಬಂತು. ಕೆಳಗೆ ಅಂಗೈ ಅಗಲದ ತಗ್ಗು, ಪಕ್ಕದ ಬೋಲ್ಟಿನ ತಲೆ ಅರ್ಧ ಉಜ್ಜಿಹೋಗಿತ್ತು. ಯಾವುದೋ ತೋಟದ ರಸ್ತೆಯ ಕಲ್ಲಿಗೆ ಕೂತು ಎದ್ದ ಗಾಡಿ ಅದು. ಪೆಟ್ಟಿಗೆಯ ಅಂಚಿನ ಸೀಲ್ ಅಷ್ಟು ಅಲುಗಾಡಿದ್ರೂ ಸಾಕು, ನಮ್ಮ ಕಡೆಯ ಎರಡು ಮಳೆಗಾಲದಲ್ಲಿ ಒಳಗೆ ತೇವ ಸೇರುತ್ತೆ. ಆಮೇಲೆ ಇನ್ಸುಲೇಷನ್ ದೋಷ (ಕರೆಂಟ್ ಸೋರ್ತಿದೆ) ಅಂತ ತೋರಿಸಿ ಗಾಡಿ ನಡುದಾರಿಯಲ್ಲಿ ನಿಲ್ಲುತ್ತೆ. ಅವರಿಗೆ ಬೇಡ ಅಂದೆ. ಮಾರೋರು ಕೂಡಲೇ ತೊಂಬತ್ತು ಸಾವಿರ ಇಳಿಸೋಕೆ ತಯಾರಾದ್ರು. ಅಷ್ಟು ಬೇಗ ಇಳಿಸಿದ್ದು ನೋಡಿಯೇ ಅವರಿಗೆ ಮೊದಲಿಂದ ಗೊತ್ತಿತ್ತು ಅನ್ನಿಸ್ತು.

ಆದ್ದರಿಂದ ಲಿಫ್ಟ್ ಮೇಲೆ ಎತ್ತದೆ ಯಾವ ಎಲೆಕ್ಟ್ರಿಕ್ ಗಾಡಿಗೂ ಮುಂಗಡ ಕೊಡಬೇಡಿ.

ನೀರಿನ ವಿಷಯ: ಗಾಡಿ ಬೆಂಗಳೂರಿನದ್ದು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದ್ದು ನಿಮಗೂ ನೆನಪಿರಬಹುದು. ಬ್ಯಾಟರಿ ಪೆಟ್ಟಿಗೆಗೆ ಐಪಿ67 ದರ್ಜೆ ಇದೆ, ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ. ಆದರೆ ವೈರಿಂಗ್ ಕನೆಕ್ಟರ್‌ಗಳಿಗೆ, ಸೀಟಿನ ಕೆಳಗಿನ ಕಂಟ್ರೋಲ್ ಡಬ್ಬಿಗಳಿಗೆ ಆ ರಕ್ಷಣೆ ಎಲ್ಲಿದೆ? ಸೀಟ್ ಬೆಲ್ಟನ್ನ ಕೊನೆವರೆಗೂ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತೆ. ಮ್ಯಾಟ್ ಎತ್ತಿ ಮೂಸಿ. ಸೀಟಿನ ರೈಲಿನ ಬೋಲ್ಟುಗಳಿಗೆ ತುಕ್ಕಿದ್ರೆ ಅನುಮಾನ ಪಡಿ. ವಿಮೆ ಕಂಪನಿಯಿಂದ ಹಳೇ ಕ್ಲೈಮ್‌ಗಳ ವಿವರ ತರಿಸೋಕೆ ಡೀಲರ್‌ಗೆ ಹೇಳಿ.

ಇನ್ನು ಬ್ಯಾಟರಿ ಆರೋಗ್ಯ. ಸರ್ವಿಸ್ ಸೆಂಟರ್‌ನಲ್ಲಿ ವರದಿ ತೆಗೆಸಿ, ಜೊತೆಗೆ ನೀವೇ ಒಂದು ಪರೀಕ್ಷೆ ಮಾಡಿ. ಹಿಂದಿನ ರಾತ್ರಿ ನಿಧಾನ ಚಾರ್ಜರಿನಲ್ಲಿ 100ಕ್ಕೆ ತುಂಬಿಸಲು ಹೇಳಿ. ಬೆಳಗ್ಗೆ ಟ್ರಿಪ್ ಮೀಟರ್ ಸೊನ್ನೆ ಮಾಡಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗಿ ಬನ್ನಿ. ಮೀಟರಿನಲ್ಲಿ ಸರಾಸರಿ ಬಳಕೆ ಬರುತ್ತೆ. ಉದಾಹರಣೆಗೆ ಕಿಲೋಮೀಟರಿಗೆ 140 ವ್ಯಾಟ್-ಅವರ್, 120 ಕಿ.ಮೀ. ಓಡಿದ್ರಿ ಅಂದ್ರೆ 16.8 ಯುನಿಟ್ ಖರ್ಚು (ಸಾವಿರ ವ್ಯಾಟ್-ಅವರ್ ಅಂದ್ರೆ ಒಂದು ಯುನಿಟ್). ಅಷ್ಟಕ್ಕೆ 60 ಪರ್ಸೆಂಟ್ ಇಳಿದಿದ್ರೆ ಪೂರ್ತಿ ಬ್ಯಾಟರಿ 28 ಯುನಿಟ್ ಹಿಡೀತಿದೆ ಅಂತ ಅರ್ಥ, ಚೆನ್ನಾಗಿದೆ. 70 ಪರ್ಸೆಂಟ್ ಇಳಿದಿದ್ರೆ 24 ಮಾತ್ರ, ಆಗ ಕಾರಣ ಹುಡುಕಬೇಕು. "ಇನ್ನು ಇಷ್ಟು ಕಿ.ಮೀ. ಹೋಗುತ್ತೆ" ಅಂತ ತೋರಿಸೋ ಅಂಕಿ ನೋಡಲೇಬೇಡಿ, ಅದು ಹಿಂದಿನ ಓಟ ನೋಡಿ ಮಾಡೋ ಅಂದಾಜು. ಇನ್ನೊಂದು ಮಾತು: ಈ ಜಾತಿಯ ಬ್ಯಾಟರಿಯನ್ನ ತಿಂಗಳಾನುಗಟ್ಟಲೆ ಪೂರ್ತಿ ತುಂಬಿಸದೇ ಓಡಿಸಿದ್ರೆ ಪರ್ಸೆಂಟ್ ಲೆಕ್ಕ ತಪ್ಪುತ್ತೆ, 25ರಿಂದ ಒಮ್ಮೆಲೇ 12ಕ್ಕೆ ಬೀಳಬಹುದು. ಎರಡು ಮೂರು ಸಲ ನಿಧಾನಕ್ಕೆ ನೂರು ತುಂಬಿಸಿದ್ರೆ ಸರಿಹೋಗುತ್ತೆ. ಸರಿಹೋಗದಿದ್ರೆ ಯಾವುದೋ ಸೆಲ್ ಸೋತಿದೆ, ಕೈಬಿಡಿ.

ಮಣಿಪಾಲದ ವಿಷಯ ಬಿಡಿಸಿ ಹೇಳ್ತೀನಿ, ನಿಮ್ಮ ನಿರ್ಧಾರ ಅದರ ಮೇಲೇ ನಿಂತಿದೆ. ನಿಮ್ಮ ಮನೆಯಿಂದ ಒಂದು ಕಡೆಗೆ ಸುಮಾರು 110 ಕಿ.ಮೀ., ಹೋಗಿಬರೋದು 220. ಕಂಪನಿ ಕಾಗದದಲ್ಲಿ 312 ಕಿ.ಮೀ. ಅಂತಿದೆ. ಹೊಸದಿದ್ದಾಗಲೂ ನಮ್ಮ ರಸ್ತೆಯಲ್ಲಿ 200 ಆಸುಪಾಸು, ಈಗ ಮಳೆ, ಎಸಿ, ನಾಲ್ಕು ಜನ ಸೇರಿದ್ರೆ 170 ಅಂತ ಹಿಡ್ಕೊಳ್ಳಿ. ಹೋಗೋವಾಗ ಘಾಟಿ ಇಳಿಜಾರು, ಸ್ವಲ್ಪ ವಾಪಸ್ ತುಂಬುತ್ತೆ. ಬರೋವಾಗ ಸೋಮೇಶ್ವರದಿಂದ ಆಗುಂಬೆಗೆ ಐನೂರು ಮೀಟರಿಗೂ ಹೆಚ್ಚು ಏರು. ಜನ ಸೇರಿ 1,700 ಕೆ.ಜಿ. ಗಾಡಿಯನ್ನ ಅಷ್ಟು ಎತ್ತರಕ್ಕೆ ಎತ್ತೋಕೇ ಹತ್ತಿರ ಹತ್ತಿರ 3 ಯುನಿಟ್ ಬೇಕು, ಮಾಮೂಲಿ ಓಟದ ಖರ್ಚು ಬೇರೆ. ಅಂದ್ರೆ ಬ್ಯಾಟರಿಯ ಹತ್ತರಲ್ಲೊಂದು ಪಾಲು ಆ ಹದಿನಾಲ್ಕು ತಿರುವುಗಳಿಗೇ ಹೋಗುತ್ತೆ. ಹಾಗಾಗಿ ಮಣಿಪಾಲ ಅಥವಾ ಉಡುಪಿಯಲ್ಲಿ ಒಂದು ಗಂಟೆ ಫಾಸ್ಟ್ ಚಾರ್ಜ್ ಕಡ್ಡಾಯ. ಆಸ್ಪತ್ರೆಯಲ್ಲಿ ಹೇಗೂ ಕಾಯ್ತೀರಿ, ಆ ಹೊತ್ತಲ್ಲಿ ಯಜಮಾನರು ಗಾಡಿ ಚಾರ್ಜಿಗೆ ಹಾಕಿ ಬರ್ತಾರೆ. 80 ಪರ್ಸೆಂಟ್ ತುಂಬದೆ ಅಲ್ಲಿಂದ ವಾಪಸ್ ಹೊರಡಬೇಡಿ. ಇದು ತಾಪತ್ರಯ ಅನ್ನಿಸಿದ್ರೆ 40.5 ಯುನಿಟ್ ಬ್ಯಾಟರಿಯ ನೆಕ್ಸಾನ್ ಇವಿ ಮ್ಯಾಕ್ಸ್ ನೋಡಿ, 2022ರ ಮೇ ನಂತರದ್ದು. ದಿನದ 44 ಕಿ.ಮೀ.ಗೆ ಈ ಗಾಡಿ ಧಾರಾಳ ಸಾಕು.

ದುಡ್ಡಿನ ಲೆಕ್ಕ: ತಿಂಗಳಿಗೆ 25 ದಿನ ಅಂದ್ರೆ 1,100 ಕಿ.ಮೀ. ಚಾರ್ಜಿಂಗ್ ನಷ್ಟ ಸೇರಿ 170-175 ಯುನಿಟ್. ಯುನಿಟ್‌ಗೆ 7 ರೂಪಾಯಿ ಹಿಡಿದ್ರೂ 1,200 ರೂಪಾಯಿ ಆಸುಪಾಸು. ಲೀಟರಿಗೆ 15 ಕೊಡೋ ಪೆಟ್ರೋಲ್ ಕಾರಿಗೆ 7,000 ದಾಟುತ್ತೆ. ಆದರೆ ಗೃಹಜ್ಯೋತಿ ಮರೀಬೇಡಿ. ಮನೆ ಬಳಕೆಯ ಜೊತೆ ಇದೂ ಸೇರಿ 200 ಯುನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ನೀವೇ ಕಟ್ಟಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡೀರಿ.

ಪ್ರಶ್ನೆ (ಭದ್ರಾವತಿಯಿಂದ):

ಸರ್, ಬೆಂಗಳೂರಲ್ಲಿ ಟ್ಯಾಕ್ಸಿಗೆ ಓಡಿದ್ದನ್ನ ಸ್ವಂತ ಗಾಡಿ ಮಾಡಿ ಮಾರ್ತಾರಂತೆ. ಕಂಡುಹಿಡಿಯೋದು ಹೇಗೆ?

ಉತ್ತರ:

ಹಸಿರು ಪ್ಲೇಟಲ್ಲಿ ಬಿಳಿ ಅಕ್ಷರ ಇದ್ರೆ ಸ್ವಂತದ್ದು, ಹಳದಿ ಅಕ್ಷರ ಇದ್ರೆ ಬಾಡಿಗೆಯದ್ದು. ಪ್ಲೇಟ್ ಬದಲಾಗಿರಬಹುದು, ಆದ್ದರಿಂದ ಆರ್‌ಟಿಓದಲ್ಲಿ ಹಳೇ ದಾಖಲೆ ಕೇಳಿ. ಟ್ಯಾಕ್ಸಿಯಾಗಿದ್ರೆ ದಿನಕ್ಕೆ ಎರಡು ಸಲ ಫಾಸ್ಟ್ ಚಾರ್ಜ್ ಕಂಡಿರುತ್ತೆ. ತುಂಬ ಹಳೇ ಮಾದರಿಗಳಲ್ಲಿ ಇನ್ನೊಂದು ಅಡ್ಡಿ ಇದೆ: ಅವುಗಳ ಫಾಸ್ಟ್ ಚಾರ್ಜ್ ಗನ್ ಬೇರೆ ನಮೂನೆ, ಈಗ ಎಲ್ಲ ಕಡೆ ಇರೋ ಸಿಸಿಎಸ್-2 ಅದಕ್ಕೆ ಕೂರಲ್ಲ. ಮುಚ್ಚಳ ತೆಗೆದು ಕಣ್ಣಾರೆ ನೋಡಿ. ಸಾಲ ಇದ್ದ ಗಾಡಿಯಾದ್ರೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರ್ಮ್ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಅರ್ಜಿ) ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಹೊಸ ಗಾಡಿಗಳಲ್ಲಿ, ಉದಾಹರಣೆಗೆ ಎಂಜಿ ವಿಂಡ್ಸರ್‌ನಲ್ಲಿ, ಬ್ಯಾಟರಿಯನ್ನ ಕಿಲೋಮೀಟರ್ ಬಾಡಿಗೆಗೆ ತಗೊಂಡಿರೋದೂ ಉಂಟು. ಬ್ಯಾಟರಿ ಯಾರದ್ದು ಅಂತಲೇ ಮೊದಲು ಕೇಳಿ.

ಪ್ರಶ್ನೆ (ಸಾಗರದಿಂದ):

ನಮ್ಮಲ್ಲಿ ಇಲಿ ಕಾಟ ಮಾರಾಯ್ರೆ. ಪೆಟ್ರೋಲ್ ಕಾರಿನ ವೈರೇ ಉಳಿಸಲ್ಲ. ಇದನ್ನ ಕೊಟ್ಟಿಗೆ ಪಕ್ಕ ನಿಲ್ಲಿಸಬಹುದಾ?

ಉತ್ತರ:

ಬೇರೆ ಜಾಗ ಇದ್ರೆ ಬೇಡ. ಭತ್ತ, ಹಿಂಡಿ ಇಡೋ ಕಡೆಯಿಂದ ದೂರ ನಿಲ್ಲಿಸಿ. ಕೇಸರಿ ಬಣ್ಣದ ದಪ್ಪ ಕೇಬಲ್‌ಗೆ ಹಲ್ಲು ತಾಗಿದ ಗುರುತು ಕಂಡ್ರೆ ಯಾವ ಎಲೆಕ್ಟ್ರಿಷಿಯನ್ ಕೈಯಲ್ಲೂ ಟೇಪ್ ಸುತ್ತಿಸಬೇಡಿ. ಅದರಲ್ಲಿ ಮುನ್ನೂರು ವೋಲ್ಟ್ ಓಡುತ್ತೆ, ಜೀವ ತೆಗೆಯುತ್ತೆ. ಕಂಪನಿಗೇ ಹೋಗಬೇಕು. ವಿಮೆ ಮಾಡಿಸುವಾಗ ಇಲಿ ಕಡಿತ ಸೇರಿದೆಯಾ, ಬ್ಯಾಟರಿಗೆ ಪ್ರತ್ಯೇಕ ಕವರ್ ಇದೆಯಾ ಅಂತ ಓದಿಕೊಳ್ಳಿ.

ಪ್ರಶ್ನೆ (ಆಗುಂಬೆ ಹತ್ರದಿಂದ):

ರಾತ್ರಿ ಫುಲ್ ಚಾರ್ಜ್ ಮಾಡಿ ಬೆಳಗ್ಗೆ ಘಾಟಿ ಇಳಿದ್ರೆ ಬ್ರೇಕ್ ತೊಂದ್ರೆ ಕೊಡುತ್ತಂತೆ, ಹೌದಾ?

ಉತ್ತರ:

ಬ್ರೇಕ್ ಇರುತ್ತೆ. ಆದರೆ ಆಕ್ಸಿಲರೇಟರ್ ಬಿಟ್ಟಾಗ ಗಾಡಿ ತಾನೇ ಹಿಡಿಯೋ ಗುಣ ಇರಲ್ಲ. ತುಂಬಿದ ಬ್ಯಾಟರಿಗೆ ವಾಪಸ್ ಕರೆಂಟ್ ಹಾಕೋಕೆ ಜಾಗ ಎಲ್ಲಿ? ಆ ಗುಣಕ್ಕೆ ಹೊಂದಿಕೊಂಡ ಕಾಲು ಮೊದಲ ತಿರುವಲ್ಲೇ ಗಾಬರಿ ಆಗುತ್ತೆ. ಘಾಟಿ ಪಕ್ಕದಲ್ಲೇ ಮನೆ ಇರೋರು ಇಳಿಯೋ ದಿನ 85-90ಕ್ಕೆ ಚಾರ್ಜ್ ನಿಲ್ಲಿಸಿ.

ಶಿಕ್ಷಕಿಯವರಿಂದ ಮತ್ತೆ:

ತುಂಬಾ ಥ್ಯಾಂಕ್ಸ್ ಸರ್. ಭಾವನವರಿಗೂ ಓದಿ ಹೇಳಿದೆ. ನಮ್ಮದು ಹಳೇ ಹಂಚಿನ ಮನೆ, ಅರ್ಥಿಂಗ್ ಸರಿ ಇಲ್ಲದಿದ್ರೆ ಕಾರು ಚಾರ್ಜ್ ಆಗಲ್ವಂತೆ. ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ ಅಳೆದ್ರು, 31 ವೋಲ್ಟ್ ತೋರಿಸ್ತು. "ಪ್ಲಗ್ಗಲ್ಲಿ ನ್ಯೂಟ್ರಲ್ಲನ್ನೇ ಅರ್ಥ್‌ಗೆ ಜೋಡಿಸಿದ್ರೆ ಚಾರ್ಜ್ ಆಗುತ್ತೆ" ಅಂದ್ರು. ಮಾಡಿಸಲಾ?

ಉತ್ತರ:

ದಯವಿಟ್ಟು ಮಾಡಿಸಬೇಡಿ ಮೇಡಂ. ಗಾಳಿಮಳೆಗೆ ಮರದ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಕಡಿದ ದಿನ ಕಾರಿನ ಮೈಯಿಗೇ ಕರೆಂಟ್ ಬರುತ್ತೆ. ಒದ್ದೆ ಅಂಗಳದಲ್ಲಿ ನಿಂತು ಬಾಗಿಲಿಗೆ ಕೈ ಹಾಕೋರು ನೀವು, ಮಕ್ಕಳು. 31 ವೋಲ್ಟ್ ಅಂದ್ರೆ ಅರ್ಥಿಂಗ್ ಸತ್ತಿದೆ. ಇಳಕಲು ಮಣ್ಣಲ್ಲಿ, ಜಂಬಿಟ್ಟಿಗೆಯಲ್ಲಿ ಬೇಸಿಗೆಗೆ ಹೀಗಾಗೋದು ಸಾಮಾನ್ಯ. ಬಚ್ಚಲ ನೀರು ಹರಿಯೋ ಕಡೆ ಹೊಸ ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹಾಕಿ ಪೈಪ್ ಇಳಿಸಿ, ಎರಡು ಮೂರು ವೋಲ್ಟಿಗೆ ಬರೋವರೆಗೆ ಬಿಡಬೇಡಿ. ಮೀಟರ್ ಬೋರ್ಡಿಂದ ಚಾರ್ಜಿಂಗ್ ಪ್ಲಗ್ಗಿಗೆ ಬೇರೆಯದೇ ದಪ್ಪ ವೈರ್ ಎಳೆಸಿ, ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಹಾಕಿಸಿ. ಸಿಡಿಲು ಗುಡುಗು ಶುರುವಾದ್ರೆ ಪ್ಲಗ್ ತೆಗೀರಿ. ಈ ಕೆಲಸ ಮೊದಲು ಮುಗೀಲಿ, ಗಾಡಿ ಮನೆಗೆ ಬರೋದು ಆಮೇಲೆ.

ಶನಿವಾರ ಬೆಳಗ್ಗೆ ಲಿಫ್ಟ್ ಖಾಲಿ ಇಟ್ಟಿರ್ತೀನಿ. ಶುಕ್ರವಾರ ರಾತ್ರಿ ನಿಧಾನ ಚಾರ್ಜರಿಗೆ ಹಾಕೋಕೆ ಡೀಲರ್‌ಗೆ ಇವತ್ತೇ ಹೇಳಿ. ಭಾವನವರನ್ನೂ ಕರ್ಕೊಂಡು ಬನ್ನಿ, ಗಾಡಿ ಕೆಳಗೆ ಟಾರ್ಚ್ ಹಿಡಿದು ಅವರೇ ನೋಡ್ಲಿ. ಅತ್ತೆಯವರಿಗೆ ಆದ್ರೆ ಅವರೂ ಬಂದು ಹಿಂದಿನ ಸೀಟಲ್ಲಿ ಕೂತು ತೀರ್ಥಹಳ್ಳಿವರೆಗೆ ಬರ್ಲಿ, ಮಂಡಿಗೆ ಆರಾಮ ಆಗುತ್ತಾ ಇಲ್ವಾ ಅಂತ ಅವರೇ ಹೇಳ್ಬೇಕು.